ಸ್ವಂತ ಇಚ್ಛೆಯ ಹತ್ತು ಮಕ್ಕಳು

ಸರ್ಕಾರಿ ಶಾಲೆ ಯಾವ ಮಗುವಿನಿಂದಲೂ ಪ್ರಾರ್ಥನೆ ಮಾಡಿಸಕೂಡದು, ತಾನಾಗಿ ಪ್ರಾರ್ಥಿಸುವ ಮಗುವನ್ನು ತಡೆಯಲೂ ಕೂಡದು ಎಂದು ನ್ಯಾಯಾಲಯ ತೀರ್ಪು ಕೊಟ್ಟಿತು. ತಡೆಯಬಾರದು ಎಂದಮೇಲೆ ಯಾರಾದರೂ ಪ್ರಾರ್ಥಿಸುತ್ತಿರಲೇಬೇಕಲ್ಲ ಎಂದು ಇಲಾಖೆಯ ಬುದ್ಧಿವಂತರು ತಲೆ ಓಡಿಸಿದರು. ಸುತ್ತೋಲೆ ಬಂತು: ‘ಬೆಳಗಿನ ಒಂದು ನಿಮಿಷದ ಮೌನದಲ್ಲಿ ಪ್ರತಿ ಶಾಲೆಯಲ್ಲೂ ಕನಿಷ್ಠ ಹತ್ತು ಮಕ್ಕಳು ಸ್ವಂತ ಇಚ್ಛೆಯಿಂದ ಪ್ರಾರ್ಥಿಸತಕ್ಕದ್ದು.’

ಡ್ರಿಲ್ ಮೇಷ್ಟ್ರನ್ನು ಮೌನದ ಮೇಲ್ವಿಚಾರಕರನ್ನಾಗಿ ನೇಮಿಸಲಾಯಿತು. ಹನ್ನೊಂದು ವರ್ಷದಿಂದ ಹಂಗಾಮಿ ಕೆಲಸದಲ್ಲೇ ಸವೆದುಹೋಗಿದ್ದ ಪ್ರಾಣಿ ಅದು. ಮೂರು ತಿಂಗಳ ವರದಿ ಸರಿಯಿದ್ದರೆ ಕೆಲಸ ಕಾಯಂ ಎಂದು ಹೆಡ್‌ಮೇಡಂ ಆಸೆ ತೋರಿಸಿದ್ದರು. ಮೊದಲ ದಿನ ಮೇಷ್ಟ್ರು ಸೀಟಿ ಊದಿ, ಸಾಲುಗಳ ನಡುವೆ ಬಗ್ಗಿ ಬಗ್ಗಿ ತುಟಿ ನೋಡಿದರು. ಒಬ್ಬನ ತುಟಿ ಮಾತ್ರ ಅಲ್ಲಾಡುತ್ತಿತ್ತು. ಅವನು ಬಬಲ್‌ಗಮ್ ಅಗಿಯುತ್ತಿದ್ದ.

“ಹತ್ತು ಜನರ ಪಟ್ಟಿ ಮಾಡಿ,” ಎಂದರು ಹೆಡ್‌ಮೇಡಂ. “ನಾಳೆಯಿಂದ ಅವರು ಸ್ವಂತ ಇಚ್ಛೆಯಿಂದ ಮಾಡ್ಲಿ.”

“ಯಾರಾದ್ರೂ ಒಪ್ಪದಿದ್ರೆ, ಮೇಡಂ?”

“ಸ್ವಂತ ಇಚ್ಛೆ ಅಂದ್ಮೇಲೆ ಒಪ್ಪದೆ ಇರೋದು ಹೇಗ್ರೀ?”

ಮೇಷ್ಟ್ರು ಗೋಗರೆದು ಒಂಬತ್ತು ಮಕ್ಕಳನ್ನು ಹೊಂದಿಸಿ, ಹತ್ತನೆಯದಾಗಿ ಐದನೇ ತರಗತಿಯಲ್ಲಿದ್ದ ಸ್ವಂತ ಮಗಳ ಹೆಸರು ಬರೆದರು. ಮಗಳು ಬೆಳಿಗ್ಗೆ ತುಟಿ ಬಿಗಿಹಿಡಿದು ನಿಂತಳು.

“ನಾನು ಮನೇಲಿ ದಿನಾ ಬೇಡ್ಕೊಳ್ತೀನಲ್ಲಪ್ಪ,” ಎಂದಳು ಆಮೇಲೆ. “ನೀನು ತುಟಿ ನೋಡ್ತಾ ನಿಂತ್ರೆ ನಂಗಾಗಲ್ಲ.”

“ಮನೇದು ಲೆಕ್ಕಕ್ಕಿಲ್ಲ ಪುಟ್ಟಿ. ನನ್ನ ಕೆಲಸದ ಪ್ರಶ್ನೆ.”

ನಿಯಮದಂತೆ ನೋಟಿಸು ಹೊರಟಿತು: ‘ನಿಮ್ಮ ಮಗಳು ತನ್ನ ಸ್ವಾತಂತ್ರ್ಯವನ್ನು ನಿಗದಿತ ಸಮಯದಲ್ಲಿ ಚಲಾಯಿಸದೆ ಕರ್ತವ್ಯಲೋಪ ಎಸಗಿರುತ್ತಾಳೆ. ಕಾರಣ ಕೇಳಿದೆ.’ ಮೇಲ್ವಿಚಾರಕರಾಗಿ ಮೇಷ್ಟ್ರು ಸಹಿ ಹಾಕಿ ಕಳಿಸಿದರು. ತಂದೆಯಾಗಿ ಸಹಿ ಹಾಕಿ ಪಡೆದುಕೊಂಡರು. ಓದಿದಾಗ ನಿಜವಾಗಿಯೂ ಅವಮಾನವಾಯಿತು, ಮಗಳನ್ನು ಕರೆದು ಬೈದರು.

ಮರುದಿನದಿಂದ ಮಗಳ ತುಟಿ ಎಲ್ಲರಿಗಿಂತ ಚೆನ್ನಾಗಿ ಅಲ್ಲಾಡಿತು. ಮೂರನೇ ತಿಂಗಳ ಕೊನೆಗೆ ತಪಾಸಣೆಗೆ ಬಂದ ಅಧಿಕಾರಿ ಅವಳ ಮುಂದೆ ಎರಡು ಸಲ ನಿಂತು ತಲೆದೂಗಿದರು. ಆ ವಾರವೇ ಕಾಯಂ ಆದೇಶ ಕೈಸೇರಿತು. ಕೊನೆಯ ವರದಿಯ ಒಂದು ಕಲಂ ಮಾತ್ರ ಖಾಲಿ ಉಳಿದಿತ್ತು.

“ಏನಂತ ಬೇಡ್ಕೊಳ್ತೀಯ ಪುಟ್ಟಿ?”

“ಹದಿನೇಳರ ಮಗ್ಗಿ ಹೇಳ್ಕೊಳ್ತೀನಿ. ಬೇಡ್ಕೊಳ್ಳೋದು ಬಿಟ್ಬಿಟ್ಟೆ, ಮನೇಲೂ.”

ಮೇಷ್ಟ್ರು ಖಾಲಿ ಕಲಂನಲ್ಲಿ ‘ಭಕ್ತಿ: ತೃಪ್ತಿಕರ’ ಎಂದು ಬರೆದು ಸಹಿ ಹಾಕಿದರು.