ಎರಡು ಸಾವಿರ ವರ್ಷದ ಕುಡಿಕೆ ತೊಳೆದದ್ದು

ಪಾತ್ರೆ ತೊಳೆಯುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬಡಾವಣೆ ಮಣಿಕೊಂಡದಲ್ಲಿಲ್ಲ. ಇದು ಮೂವತ್ತು ವರ್ಷಗಳ ದಾಂಪತ್ಯ ನನಗೆ ದಯಪಾಲಿಸಿದ ಏಕೈಕ ಬಿರುದು. ಹಾಗಾಗಿ ಪಟಾನ್‌ಚೆರು ಆಚೆ ಅಗೆಯುತ್ತಿದ್ದ ಪುರಾತನ ಅಂಗಡಿಯ ಮಡಕೆ ಚೂರುಗಳನ್ನು ತೊಳೆಯಲು ಸ್ವಯಂಸೇವಕರು ಬೇಕೆಂದಾಗ ನಿವೃತ್ತನಾದ ನಾನು ಎದೆಯುಬ್ಬಿಸಿ ಹೊರಟೆ.

"ಅಲ್ಲಾದ್ರೂ ಸ್ವಲ್ಪ ನಿಧಾನಕ್ಕೆ ಉಜ್ಜಿ. ನಮ್ಮನೆ ತಟ್ಟೆಗಳ ಮೇಲಿನ ಹೂವಿನ ಚಿತ್ರವೇ ಉಳಿದಿಲ್ಲ," ಎಂದಳು ನನ್ನ ಹೆಂಡತಿ ಸಾವಿತ್ರಿ.

ಉತ್ಖನನದ ಮೇಲ್ವಿಚಾರಕಿ ಮೇಡಮ್ ಮೈಸೂರಿನವರು. ಮೃದುವಾದ ಬ್ರಷ್ ಕೊಟ್ಟು, "ಬುಟ್ಟಿಯಲ್ಲಿರೋ ಚೂರು ಮಾತ್ರ ತೊಳೀರಿ," ಎಂದರು. ಚೂರುಗಳು ಬೇಗ ಮುಗಿದವು. ಪಕ್ಕದಲ್ಲೇ ಒಂದು ಪುಟ್ಟ ಮಣ್ಣಿನ ಕುಡಿಕೆ! ಒಳಗೆಲ್ಲ ಬೆಳ್ಳಗೆ ಮೆತ್ತಿಕೊಂಡಿತ್ತು. ಬ್ರಷ್ಷಿಗೆ ಜಗ್ಗಲಿಲ್ಲ. ತೆಂಗಿನ ನಾರು ಹುಡುಕಿ ತಂದೆ. ಬೆರಳು ಚುರುಚುರು ಎಂದವು. ಎರಡು ಸಾವಿರ ವರ್ಷದ ಕೊಳೆಗೆ ಅಷ್ಟು ರೋಷ ಸಹಜವೆಂದು ಕ್ಷಮಿಸಿದೆ. ಅರ್ಧ ಗಂಟೆಯಲ್ಲಿ ಕುಡಿಕೆ ಫಳಫಳ!

ಆಗಲೇ ಗುಂಡಿಯೊಳಗಿಂದ ಮೇಡಮ್ ಧ್ವನಿ: "ಆ ಇಡೀ ಕುಡಿಕೆ ಜೋಪಾನ! ಒಳಗಿನ ಮಣ್ಣು ನಾಳೆ ಪ್ರಯೋಗಾಲಯಕ್ಕೆ ಹೋಗ್ಬೇಕು. ಅಂಗಡೀಲಿ ಏನು ಮಾರ್ತಿದ್ರು ಅಂತ ಗೊತ್ತಾಗೋದೇ ಅದರಿಂದ!"

ಫಳಫಳ ಕುಡಿಕೆಯನ್ನು ಕೈಯಲ್ಲಿ ತಿರುಗಿಸಿ ನೋಡಿದೆ. ಪಾಪ, ಯಾವನೋ ವರ್ತಕನ ಇಡೀ ವ್ಯಾಪಾರವನ್ನು ನಾನು ಚರಂಡಿಗೆ ಬಿಟ್ಟಿದ್ದೆ! ಪಶ್ಚಾತ್ತಾಪದಿಂದ, "ಮೇಡಮ್, ನಾನು ಅದನ್ನು..." ಎಂದು ಶುರು ಮಾಡುವಷ್ಟರಲ್ಲಿ, ಅಲ್ಲಿ ಅಗೆಯುತ್ತಿದ್ದ ಯಾದಗಿರಿ ಕಡೆಯ ನಾಗಮ್ಮ ಬುಟ್ಟಿ ಇಳಿಸಿ ಬಂದಳು. ನನ್ನ ಕೈಯಲ್ಲಿದ್ದ ಕುಡಿಕೆ ನೋಡಿ ಬಾಯಿ ಬಡಿದುಕೊಂಡಳು.

"ಯವ್ವಾ! ನನ್ನ ಸುಣ್ಣದ ಕುಡಿಕಿ! ಮೊನ್ನೆ ಸಂತ್ಯಾಗ ತಂದಿದ್ನೆಲ್ರಿ! ಈಗ ಎಲಿ ಅಡಿಕಿಗೆ ಏನ್ ಹಚ್ಚಲಿ?"

"ಇದು... ನಿಂದಾ?"

"ಮತ್ಯಾರದ್ರೀ? ಹಳೇದು ಅಲ್ಲಿ ನೆಳ್ಳಾಗ ಐತಿ, ಅರಿವಿ ಕಟ್ಟಿಟ್ಟೀನಿ. ನಿಮ್ಮ ತೊಳಿಯೋ ಹುರುಪು ನೋಡಿ ಮುಂಜಾನೇ ಸರಿಸಿಟ್ಟೆ."

ಅಷ್ಟು ಮಧುರವಾದ ಬೈಗುಳ ನಾನು ಜೀವಮಾನದಲ್ಲಿ ಕೇಳಿಲ್ಲ. ಓಡಿ ಹೋಗಿ ನೋಡಿದೆ. ನಿಜವಾದ ಕುಡಿಕೆ ತನ್ನ ಮಣ್ಣಿನ ಸಮೇತ, ಬಟ್ಟೆ ಸುತ್ತಿಸಿಕೊಂಡು, ಚೀಟಿ ಕಟ್ಟಿಸಿಕೊಂಡು, ಸುಖವಾಗಿ ಕೂತಿತ್ತು. ದೂರದಿಂದಲೇ ಕೈ ಮುಗಿದೆ. ಹತ್ತಿರ ಹೋಗಲು ನಾಗಮ್ಮ ಬಿಡಲಿಲ್ಲ.

ಆ ಅಂಗಡಿಯಲ್ಲಿ ಏನು ಮಾರುತ್ತಿದ್ದರೆಂದು ಪ್ರಯೋಗಾಲಯ ಇನ್ನೂ ತಿಳಿಸಿಲ್ಲ. ಉತ್ಖನನದಲ್ಲಿ ನನ್ನ ಹೊಣೆಯಂತೂ ಈಗ ನಿಶ್ಚಯವಾಗಿದೆ: ಬರುವಾಗ ಪಟಾನ್‌ಚೆರುವಿನಲ್ಲಿ ಬಸ್ಸಿಳಿದು ನಾಗಮ್ಮನಿಗೆ ಸುಣ್ಣ ತರುವುದು.

ಕುಡಿಕೆಗೆ ಮಾತ್ರ ಅವಳೇ ತುಂಬಿಕೊಳ್ಳುತ್ತಾಳೆ.