ಮೀನು ಮುಟ್ಟದವನ ಗಾಳದ ಪುಸ್ತಕಗಳು

ಕೆಲವರಿಗೆ ಹೋದಲ್ಲೆಲ್ಲ ಕಾಲಿಗೆ ಮುಳ್ಳು ಚುಚ್ಚುತ್ತದೆ, ಕೆಲವರಿಗೆ ಹೋದಲ್ಲೆಲ್ಲ ಬಾಗಿಲ ಚೌಕಟ್ಟು ತಲೆಗೆ ಬಡಿಯುತ್ತದೆ. ನನ್ನದು ಬೇರೆ ಥರದ ಗ್ರಹಚಾರ. ನಾನು ಏನು ಕೇಳಿದರೂ ಎದುರಿನವರಿಗೆ ಬೇರೇನೋ ಕೇಳಿಸುತ್ತದೆ. ಕೇಳುವ ವಸ್ತು ನೆಟ್ಟಗಿನದಾದರೆ ಹೇಗೋ ನಡೆದೀತು. ನಾನು ಹುಡುಕಲು ಹೊರಟದ್ದು ಕಯಾಕಿನಲ್ಲಿ ಕೂತು ಮೀನು ಹಿಡಿಯುವ ವಿದ್ಯೆಯ ಪುಸ್ತಕ. ಅದೂ ಸೊಲ್ಲಾಪುರದಲ್ಲಿ!

ನನಗೆ ಸೊಲ್ಲಾಪುರದಲ್ಲಿ ಚಾದರು, ಟವೆಲ್ಲುಗಳ ಅಂಗಡಿ ಇದೆ. ಮನೆಯಲ್ಲಿ ಕನ್ನಡ, ಗಲ್ಲಾಪೆಟ್ಟಿಗೆಯ ಮುಂದೆ ಮರಾಠಿ, ಹಮಾಲರ ಜೊತೆ ಹಿಂದಿ. ಈಜು ಬರುವುದಿಲ್ಲ. ಲಿಂಗವಂತರ ಮನೆ, ಮೀನು ಹೋಗಲಿ, ಮೊಟ್ಟೆ ಹಾಕಿದ ಕೇಕು ಕೂಡ ನಮ್ಮ ಹೊಸ್ತಿಲು ದಾಟಿಲ್ಲ. ನನಗೆ ಮೀನು ಹಿಡಿಯುವುದು ಬೇಕಿರಲಿಲ್ಲ. ಹಿಡಿಯುವುದನ್ನು ಓದುವುದು ಬೇಕಿತ್ತು. ಈ ವ್ಯತ್ಯಾಸ ನನ್ನ ಹೆಂಡತಿಗೆ ಇವತ್ತಿಗೂ ತಿಳಿದಿಲ್ಲ.

ಹಲ್ಲಿನ ದವಾಖಾನೆ

ಎಲ್ಲ ಶುರುವಾದದ್ದು ಒಂದು ದವಡೆ ಹಲ್ಲಿನಿಂದ. ಗಲ್ಲ ಊದಿಸಿಕೊಂಡು ದವಾಖಾನೆಯ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಯಾವುದೋ ಕಾಲದ ಒಂದು ಇಂಗ್ಲಿಷ್ ಪತ್ರಿಕೆ ಬಿದ್ದಿತ್ತು. ತೆರೆದರೆ, ಒಬ್ಬನೇ ಮನುಷ್ಯ ಬಾಳೆಕಾಯಿಯಂಥ ಸಣ್ಣ ದೋಣಿಯಲ್ಲಿ ಕಾಲು ಚಾಚಿ ಕೂತಿದ್ದಾನೆ. ಅದಕ್ಕೆ ಕಯಾಕ್ ಅನ್ನುತ್ತಾರಂತೆ. ಗಾಳಕ್ಕೆ ದೊಡ್ಡ ಮೀನೊಂದು ಬಿದ್ದಿದೆ. ಇವನು ಮೀನನ್ನು ಎಳೆಯುವ ಬದಲು ಮೀನೇ ಇವನನ್ನು ದೋಣಿ ಸಮೇತ ಸಮುದ್ರದ ಒಳಗೆ ಎಳೆದುಕೊಂಡು ಹೊರಟಿದೆ. ನನ್ನ ಹಲ್ಲುನೋವು ಮರೆತೇಹೋಯಿತು.

ಕಥೆ ಇನ್ನೂ ಒಂದು ಪುಟ ಇರುವಾಗಲೇ ಡಾಕ್ಟರು ಒಳಗೆ ಕರೆದರು. ಇಂಜೆಕ್ಷನ್ ಚುಚ್ಚಿದರು, ನಾಲಿಗೆ ಮರಗಟ್ಟಿತು. ಆಗ ನೆನಪಾಯಿತು: ಆ ಪತ್ರಿಕೆ ಮನೆಗೆ ಒಯ್ಯಲು ಕೇಳಬೇಕು. ಬಾಯಿ ತೆರೆದುಕೊಂಡೇ ಕೇಳಿದೆ. ಹೊರಬಂದದ್ದು "ಆ... ಈ... ಊಊ" ಅಷ್ಟೇ.

"ಇನ್ನೂ ನೋಯ್ತೈತೇನ್ರಿ?" ಎಂದು ಡಾಕ್ಟರು ಇನ್ನೊಂದು ಇಂಜೆಕ್ಷನ್ ಚುಚ್ಚಿದರು.

ಹೊರಗೆ ಬಂದು ನೋಡಿದರೆ ಪತ್ರಿಕೆ ಅಲ್ಲೇ ಇತ್ತು, ಕೊನೆಯ ಪುಟ ಇರಲಿಲ್ಲ. ಎದುರಿಗೆ ಒಬ್ಬ ತಾಯಿ ಅಳುವ ಮಗುವನ್ನು ಸಮಾಧಾನ ಮಾಡಲು ಆ ಪುಟ ಹರಿದು ಏನೋ ಮಡಿಚುತ್ತಿದ್ದಳು.

ದೋಣಿ.

ಕಾಯ್?

ಆ ಮನುಷ್ಯ ಬದುಕಿದನೋ ಮುಳುಗಿದನೋ ಅನ್ನುವ ಚಿಂತೆಯಲ್ಲಿ ಎರಡು ದಿನ ಗಿರಾಕಿಗಳು ಚಾದರು ಕೇಳಿದರೆ ಟವೆಲ್ ಕೊಟ್ಟೆ. ಕೊನೆಗೆ ಪೇಟೆಯ ಪುಸ್ತಕದ ಅಂಗಡಿಗೆ ಹೋದೆ. ಅಂಗಡಿಯವರು ಮರಾಠಿಯವರು, ವಯಸ್ಸಾದವರು, ಕಿವಿ ಸ್ವಲ್ಪ ಮಂದ. ಮರಾಠಿಯಲ್ಲಿ "ಕಾಯ್" ಎಂದರೆ "ಏನು". ಈ ಸಂಗತಿ ಹುಟ್ಟಿದಾಗಿನಿಂದ ಗೊತ್ತಿದ್ದರೂ ಅವತ್ತು ನನ್ನ ತಲೆಗೆ ಹೊಳೆಯಲಿಲ್ಲ.

"ಕಯಾಕ್ ಆಹೇ ಕಾ?" ಎಂದೆ, ಇದೆಯಾ ಅಂತ.

"ಕಾಯ್?"

"ಕಯಾಕ್."

"ಕಾಯ್ ಕಾಯ್?"

"ಕಾಯ್ ಅಲ್ಲ, ಕಯಾಕ್!"

"ಅದನ್ನೇ ನಾನೂ ಕೇಳ್ತಿದ್ದೀನಿ, ಕಾಯ್?" ಎಂದು ಅವರು ಮರಾಠಿಯಲ್ಲಿ ರೇಗಿದರು.

ಹಿಂದೆ ಗಿರಾಕಿಗಳು ಸೇರಿದರು. ಮಾತು ಬಿಟ್ಟು ಅಭಿನಯಕ್ಕೆ ಇಳಿದೆ. ಅಂಗಡಿಯ ಕುರ್ಚಿಯ ಮೇಲೆ ಕೂತು, ಕಾಲು ಮುಂದೆ ಚಾಚಿ, ಎರಡೂ ಕೈಯಲ್ಲಿ ಹುಟ್ಟು ಹಿಡಿದವನಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸೊಂಟ ತಿರುಗಿಸಿದೆ. ಆಮೇಲೆ ಗಾಳ ಎಸೆದು, ದೊಡ್ಡ ಮೀನು ಎಳೆದವನಂತೆ ಹಿಂದಕ್ಕೆ ಬಾಗಿ ಮುಖ ಕಿವಿಚಿದೆ. ಅಂಗಡಿಯವರ ಕಣ್ಣಲ್ಲಿ ಕರುಣೆ ಉಕ್ಕಿತು. "ಅರೇರೇ, ಮೊದಲೇ ಹೇಳಬಾರದಾ!" ಎಂದು ಒಳಗೆ ಹೋಗಿ ಒಂದು ಪುಸ್ತಕ ತಂದು ಕೈಗಿಟ್ಟರು. ಬೆನ್ನುನೋವಿಗೆ ಮನೆಯಲ್ಲೇ ವ್ಯಾಯಾಮ.

ಅಷ್ಟು ಜನರೆದುರು ಬೇಡ ಅನ್ನಲು ನಾಚಿಕೆಯಾಗಿ ತಂದೆ. ತಂದದ್ದು ಸಾರ್ಥಕವಾಗಲಿ ಎಂದು ಅದರಲ್ಲಿದ್ದ ಮೊದಲ ವ್ಯಾಯಾಮ ಮಾಡಿದೆ. ನನ್ನ ಬೆನ್ನುನೋವು ಶುರುವಾದದ್ದು ಅವತ್ತಿನಿಂದ.

ರದ್ದಿಯ ಮಾಲು

ಹೊಸದು ಸಿಗದಿದ್ದರೆ ಹಳೆಯದು ಎಂದುಕೊಂಡು ನಮ್ಮ ಓಣಿಯ ರದ್ದಿ ಅಂಗಡಿಯ ಚಾಚಾನಿಗೆ ಹೇಳಿಟ್ಟೆ. "ಚಾಚಾ, ಮೀನಿನ ಪುಸ್ತಕ ಏನೇ ಬರಲಿ, ನನಗ ತೆಗೆದಿಡು." ಚಾಚಾ ಮಾತು ಕೊಟ್ಟ. ಮಾತು ಕೊಟ್ಟರೆ ಉಳಿಸಿಕೊಳ್ಳುವ ಮನುಷ್ಯ. ಸಮಸ್ಯೆ ಆದದ್ದೇ ಅದರಿಂದ.

ಮೊದಲು ಬಂದದ್ದು ಮೀನೆಣ್ಣೆ ಗುಳಿಗೆಯ ಜಾಹೀರಾತು. ಆಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಬಣ್ಣದ ಮೀನು ಸಾಕುವ ಚಿತ್ರಪಟ. ಒಂದು ದಿನ ಅಂಗಡಿಯ ಮುಂದೆ ಕೈಗಾಡಿ ನಿಂತಿತು. "ಸೇಠ್, ಮಛ್ಲೀ ಕಾ ಪೂರಾ ಮಾಲ್ ಆಯಾ!" ಎಂದು ಚಾಚಾ ಒಂದು ದೊಡ್ಡ ಗಂಟು ಇಳಿಸಿದ. ನನ್ನ ಎದೆ ಹಾರಿತು. ಅಂಗಡಿಯಲ್ಲಿ ಬಿಚ್ಚದೆ ಮನೆಗೇ ಹೊತ್ತುಕೊಂಡು ಹೋದೆ.

ಬಿಚ್ಚಿದರೆ ಎಲ್ಲದರ ಮೇಲೂ ಮೀನಿನ ಚಿತ್ರ, ಒಂದಲ್ಲ, ಜೋಡಿ ಮೀನು. ಅಷ್ಟೂ ಮೀನ ರಾಶಿಯ ವರ್ಷಭವಿಷ್ಯದ ಪುಸ್ತಿಕೆಗಳು.

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ನನ್ನ ಹೆಂಡತಿಯದು ಮೀನ ರಾಶಿ. ಅವಳು ಒಂದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

"ಏನ್ರಿ, ಇಲ್ಲೆ ಕೇಳ್ರಿ. 'ಈ ವರ್ಷ ಯಜಮಾನರ ಬುದ್ಧಿ ಸ್ಥಿರವಾಗಿರುವುದಿಲ್ಲ.' ನಾ ಇವು ಎಲ್ಲಾ ಸುಳ್ಳು ಅಂತ ತಿಳಿದಿದ್ದೆ. ಯಾರೋ ಭಾಳ ಓದಿದಾವ್ರು ಬರದಾರ ನೋಡ್ರಿ."

ಸಾಹೇಬರ ತಪಾಸಣೆ

ನನ್ನ ಅತ್ತೆಯ ಮನೆ ಅಕ್ಕಲಕೋಟೆಯಲ್ಲಿದೆ. ಅಲ್ಲಿಯ ವಾಚನಾಲಯದಲ್ಲಿ ಕನ್ನಡ ಪುಸ್ತಕಗಳ ಒಂದು ಕಪಾಟು ಇದೆ. ಅಲ್ಲಿ ಧೂಳು ಕೊಡವಿ ಕೊಡವಿ ಕೊನೆಗೂ ಮೀನಿನದೇ ಒಂದು ಪುಸ್ತಕ ಸಿಕ್ಕಿತು. ಕಯಾಕೂ ಇಲ್ಲ, ಗಾಳವೂ ಇಲ್ಲ. ಕೆರೆಯಲ್ಲಿ ಮೀನು ಸಾಕುವುದು ಹೇಗೆ ಎಂದು ಸರಕಾರ ತಿಳಿಸಿದ ತೆಳ್ಳನೆಯ ಪುಸ್ತಿಕೆ. ಹಸಿದವನಿಗೆ ಹಳಸಿದ್ದೂ ಅಮೃತ. ವಾಪಸು ಬರುವಾಗ ಎಸ್‌ಟಿ ಬಸ್ಸಿನಲ್ಲಿ ಅದನ್ನೇ ಓದುತ್ತ ಕೂತೆ.

ಪಕ್ಕದಲ್ಲಿ ಕೂತ ರೈತ ಪುಸ್ತಕ ನೋಡಿದ, ನನ್ನ ಬಿಳಿ ಅಂಗಿ ನೋಡಿದ, ಕನ್ನಡಕ ನೋಡಿದ.

"ಸಾಹೇಬ್ರು ಮೀನಿನ ಖಾತೇದಾವ್ರೇನ್ರಿ?"

ಇಲ್ಲ ಅನ್ನಬೇಕಿತ್ತು. ಆದರೆ ಜೀವನವೆಲ್ಲ "ಸೇಠ್" ಅನ್ನಿಸಿಕೊಂಡವನಿಗೆ ಮೊದಲ ಸಲ ಒಬ್ಬರು "ಸಾಹೇಬ್ರು" ಅಂದಿದ್ದರು. ಹೌದೂ ಅನ್ನದೆ ಇಲ್ಲವೂ ಅನ್ನದೆ ಗಂಭೀರವಾಗಿ ಕೆಮ್ಮಿದೆ.

"ದೇವರ ಸಿಕ್ಕಂಗಾತು ನೋಡ್ರಿ! ನಮ್ಮೂರು ವಳಸಂಗ. ಹೊಲದಾಗ ಹೊಂಡ ತೆಗಸೀನಿ, ಪ್ಲಾಸ್ಟಿಕ್ ಹಾಸಿ ನೀರ ತುಂಬಸೀನಿ. ಮೀನ ಸಾಕೂದೈತ್ರಿ. ಇಳದು ಒಂದೀಟ ನೋಡಿ ಹೋಗ್ರಿ, ಹೊಲ ಸಡಕಿಗೇ ಹತ್ತಿ ಐತಿ."

ಕೈ ಹಿಡಿದು ಇಳಿಸಿಯೇಬಿಟ್ಟ. ಹೊಂಡದ ಸುತ್ತ ಅವನ ಮನೆಮಂದಿ, ನೆರೆಹೊಲದವರು ಎಲ್ಲ ಸೇರಿದರು. ಒಬ್ಬರು ಚಹಾ ತಂದರು. ಇನ್ನು ಏನಾದರೂ ಹೇಳದೆ ವಿಧಿಯಿರಲಿಲ್ಲ. ದಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತೆ. ನೀರಿಗೆ ಬೆರಳು ಅದ್ದಿ ಮೂಸಿದೆ. ಆಳಕ್ಕೆ ಕಣ್ಣು ಕಿರಿದು ಮಾಡಿ ನೋಡಿದೆ. ಪುಸ್ತಿಕೆಯಲ್ಲಿ ಓದಿದ್ದು ನೆನಪು ಮಾಡಿಕೊಂಡು, ಎದ್ದು ನಿಂತು, ಕೈ ಒರೆಸಿಕೊಂಡು ತೀರ್ಪು ಕೊಟ್ಟೆ.

"ಮೀನು ಆರಾಮ ಅದಾವು. ಬಿಸಲಿಗೆ ತಳಕ್ಕ ಕೂತಾವು. ಬರೋಬ್ಬರಿ ಬೆಳ್ಯಾಕತ್ತಾವು, ಕಾಳಜಿ ಮಾಡಬ್ಯಾಡ್ರಿ."

ರೈತ ಭಾಳ ಮರ್ಯಾದೆಯಿಂದ, ತಗ್ಗಿದ ದನಿಯಲ್ಲಿ ಹೇಳಿದ:

"ಸಾಹೇಬ್ರ, ಮೀನ ಇನ್ನಾ ಬಿಟ್ಟಿಲ್ರಿ."

ಗ್ರಂಥ ಪಠಣ

ನನ್ನ ಈ ಅವಸ್ಥೆ ನೋಡಲಾರದೆ ಮಗಳು ಫೋನಿನಲ್ಲೇ ಹುಡುಕಿ ಒಂದು ಇಂಗ್ಲಿಷ್ ಪುಸ್ತಕ ತರಿಸಿದಳು. ಯಾವತ್ತು ಬರುತ್ತದೆ ಎಂದು ಗೊತ್ತಿರಲಿಲ್ಲ. ಅದು ಬಂದದ್ದು ಮಗಳನ್ನು ನೋಡಲು ಅಕ್ಕಲಕೋಟೆಯಿಂದ ಬೀಗರು ಬಂದು ಕೂತಿದ್ದ ಹೊತ್ತಿಗೆ.

ಹುಡುಗನದು ಅಕ್ಕಲಕೋಟೆಯಲ್ಲಿ ಔಷಧಿ ಅಂಗಡಿ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೊದಲೇ ಮೆಚ್ಚಿದ್ದರು. ಅವನ ಫೋನು ಬಂದರೆ ನಮ್ಮ ಮಗಳು ಮಾಳಿಗೆಗೆ ಓಡುತ್ತಿದ್ದಳು. ಅಡ್ಡಿ ಇದ್ದದ್ದು ಹುಡುಗನ ಅಜ್ಜನದು. ಸಂಬಂಧ ತಂದ ನನ್ನ ಅಕ್ಕ ಮೊದಲೇ ಎಚ್ಚರಿಸಿದ್ದಳು.

"ಭಾಳ ಕಟ್ಟಾ ಮನಶ್ಯಾ ಅದಾರ. ಹಿಂದ ಒಂದು ಸಂಬಂಧ ಬಂದಿತ್ತು. ಹುಡುಗಿ ಕಾಕಾ ಆಮ್ಲೆಟ್ ಗಾಡಿ ಮುಂದ ನಿಂತಿದ್ದಾ ಅಂತ ಬ್ಯಾಡ ಅಂದ್ರು."

"ತಿನ್ನಾಕತ್ತಿದ್ನೇನು?"

"ಇಲ್ಲ, ರಸ್ತಾ ಕೇಳಾಕತ್ತಿದ್ದ."

ಅಂಥ ಅಜ್ಜ ಹಣೆ ತುಂಬ ವಿಭೂತಿ ಬಡಿದುಕೊಂಡು ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ಮಗಳು ಫಳಾರದ ತಾಟು ಇಟ್ಟು ಎದುರಿಗೆ ಕೂತಿದ್ದಳು. ಆಗಲೇ ಪಾರ್ಸಲ್ ಬಂತು. ಅಂಗಡಿಯ ಸ್ಯಾಂಪಲ್ ಇರಬೇಕೆಂದು ಎಲ್ಲರೆದುರೇ ಹರಿದೆ. ಒಳಗಿನಿಂದ ಇಣುಕಿದ್ದು ಹೊದಿಕೆಯ ಮೇಲಿನ ಚಿತ್ರ: ಕೆಂಪು ದೋಣಿಯಲ್ಲಿ ಕೂತ ಒಬ್ಬ ಗಡ್ಡದವನು ತನ್ನಷ್ಟೇ ಉದ್ದದ ಮೀನನ್ನು ಮಗುವಿನಂತೆ ತಬ್ಬಿಕೊಂಡು ನಗುತ್ತಿದ್ದ. ಪಟ್ಟನೆ ಹೊದಿಕೆಯನ್ನು ಎದೆಗೆ ಒತ್ತಿಕೊಂಡೆ. ಹೆಂಡತಿಯ ಮುಖ ಬಿಳಿಚಿತು. ಮಗಳು ಕಣ್ಣು ಮುಚ್ಚಿಕೊಂಡಳು.

"ಯಾವ ಪುಸ್ತಕರಿ ಅದು?" ಅಜ್ಜ ಕೇಳಿದರು.

"ಕಯಾಕ್..." ಎಂದೆ. ಮುಂದಿನ "ಫಿಶಿಂಗ್" ಅನ್ನುವುದನ್ನು ನುಂಗಿಬಿಟ್ಟೆ.

"ಕಾಯಕಾ!" ಅಜ್ಜ ನೆಟ್ಟಗೆ ಕೂತರು. "ಕಾಯಕದ ಮ್ಯಾಲೆ ಪುಸ್ತಕಾ? ಇಷ್ಟು ದಪ್ಪಂದು? ಈಗಿನ ಕಾಲದಾಗ ಅಂಗಡಿ ನಡಸೂ ಮನಶ್ಯಾ ಕಾಯಕದ ಬಗ್ಗೆ ಓದತಾನಂದ್ರ! ನಾಕ ಸಾಲ ಓದ್ರಿ, ಕೇಳೂಣು."

"ಇಂಗ್ಲಿಷಿನ್ಯಾಗ ಐತ್ರಿ..."

"ಅರ್ಥಾ ಹೇಳ್ರಿ. ಕೇಳಾಕ ಕಿವಿ ಪುಣ್ಯೇ ಮಾಡಿರಬೇಕು." ಅಜ್ಜ ಕೈ ಜೋಡಿಸಿ ಕಣ್ಣು ಮುಚ್ಚಿದರು.

ಹೊದಿಕೆ ಯಾರಿಗೂ ಕಾಣದಂತೆ ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿದೆ. ಸುಳ್ಳು ಹೇಳಿದರೆ ಮಗಳ ಮುಖ ನೋಡಲಾರೆ, ಖರೆ ಹೇಳಿದರೆ ಮದುವೆ ಮುರಿಯುತ್ತದೆ. ಕಣ್ಣಿಗೆ ಬಿದ್ದ ಸಾಲನ್ನು ಮೀನು ಬಿಟ್ಟು ಉಳಿದದ್ದೆಲ್ಲ ಕನ್ನಡ ಮಾಡಿದೆ.

"ಕೂಡೂಕಿಂತ ಮೊದಲ ಮನಶ್ಯಾ ತನ್ನ ತೂಕ ತಾ ತಿಳಕೊಂಡಿರಬೇಕು."

"ಆಹಾ!"

"ಕೂತ ಮ್ಯಾಲೆ ಗಡಬಡಿಸಿ ಎದ್ದು ನಿಂತ್ರ ಮುಳುಗತಾನ."

"ಖರೆ, ಖರೆ."

"ನಸುಕಿನ್ಯಾಗ, ಗದ್ದಲ ಮಾಡದ, ತಾಳ್ಮಿಲೆ ಕಾಯಬೇಕು. ಸಿಕ್ಕಿದ್ದು ಸಣ್ಣದಿದ್ರ ಆಶಾ ಮಾಡದ ತಿರುಗಿ ಬಿಟ್ಟುಬಿಡಬೇಕು."

ಅಜ್ಜ ಕಣ್ಣು ತೆರೆದು ತಮ್ಮ ಮಗನ, ಅಂದರೆ ಹುಡುಗನ ಅಪ್ಪನ ಕಡೆ ತಿರುಗಿದರು. "ಕೇಳಿದ್ಯಾ? ಬಿಟ್ಟುಬಿಡಬೇಕಂತ! ಅಂಗಡ್ಯಾಗ ಒಂದ ದಿನಾರ ಹಿಂಗ ಮಾಡೀ ಏನ?" ಬೀಗರು ತಲೆ ತಗ್ಗಿಸಿದರು. "ಮುಂದ ಓದ್ರಿ."

ಮುಂದಿನದು ಎರೆಹುಳವನ್ನು ಕೊಕ್ಕೆಗೆ ಚುಚ್ಚುವ ವಿಧಾನ. ಎಷ್ಟು ತಿರುಚಿದರೂ ಅದು ಅಧ್ಯಾತ್ಮವಾಗಲಿಲ್ಲ. ಹಾರಿಸಿ, "ಗಾಳಿ ಯಾವ ಕಡೆ ಬೀಸತೈತಿ ನೋಡಿ, ಹೊತ್ತು ಮೀರೂದ್ರಾಗ ದಂಡಿ ಸೇರಬೇಕು" ಎಂದು ಮುಗಿಸಿದೆ.

ಹುಡುಗ ಸೋಫಾದಲ್ಲಿ ನನಗೆ ಅಂಟಿಕೊಂಡೇ ಕೂತಿದ್ದ. ಅವನು ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದ, ಭುಜ ಕುಲುಕುತ್ತಿತ್ತು, ಕಣ್ಣಲ್ಲಿ ನೀರು.

"ನೋಡ್ರಿ, ನಮ್ಮ ಹುಡುಗಗ ಅಳೂನ ಬಂತು," ಅಜ್ಜನ ದನಿಯೂ ಗದ್ಗದ. "ಇಂಥಾ ಮನಿತನ ಹುಡುಕಿದ್ರ ಸಿಗೂದಿಲ್ಲ. ಸಕ್ಕರಿ ತರ್ರಿ, ಬಾಯಿ ಸಿಹಿ ಮಾಡೂಣು. ಆ ಗ್ರಂಥಾ ಇಲ್ಲೆ ಕೊಡ್ರಿ, ಕಣ್ಣಿಗೆ ಒತ್ತಿಕೋತೀನಿ."

ಪುಸ್ತಕವನ್ನು ತೊಡೆಗೆ ಇನ್ನಷ್ಟು ಒತ್ತಿಕೊಂಡೆ. ಅಷ್ಟರಲ್ಲಿ ಮಗಳು ಎದ್ದು ಬಂದಳು. ಕಪಾಟಿನಿಂದ ನಮ್ಮ ಅಂಗಡಿಯ ಒಂದು ಹೊಸ ಟವೆಲ್ ತೆಗೆದಳು. "ಅಜ್ಜಾರ, ಗ್ರಂಥಾ ಬರೇ ಕೈಲೆ ಕೊಡಬಾರದ್ರಿ" ಎಂದು ಪುಸ್ತಕವನ್ನು ನನ್ನ ತೊಡೆಯ ಮೇಲೇ ನೀಟಾಗಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಅಜ್ಜನ ಮುಂದೆ ಬಾಗಿದಳು. ಅಜ್ಜ ಅದನ್ನು ಬಲಗಣ್ಣಿಗೆ ಒತ್ತಿಕೊಂಡರು, ಎಡಗಣ್ಣಿಗೆ ಒತ್ತಿಕೊಂಡರು, ಹಣೆಗೆ ತಾಗಿಸಿದರು. ಟವೆಲಿನ ಮೇಲೆ ವಿಭೂತಿ ಮೂಡಿತು. ಅದರೊಳಗೆ ಗಡ್ಡದವನು ಮೀನು ತಬ್ಬಿಕೊಂಡು ನಗುತ್ತಲೇ ಇದ್ದ.

ಸಕ್ಕರೆ ಹಂಚಿ ಆಯಿತು. ಹೊರಡುವಾಗ ಹುಡುಗ ನನ್ನ ಕಾಲಿಗೆ ನಮಸ್ಕಾರ ಮಾಡಿದ. ಏಳುವಾಗ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ:

"ಮಾವಾರ, ನಡಕ ಎರಿಹುಳದ್ದ ಒಂದು ಪ್ಯಾರಾ ಬಿಟ್ರಿ ನೋಡ್ರಿ."