ಎಲೆಗಿಂತ ನೀರಿಗೇ ಹೆಚ್ಚು ಸತ್ತ ಕ್ರಿಮಿಯವರಿಗೆ

ತರೀಕೆರೆ, ದಸರೆಯ ಮರುವಾರ, ೧೯೫೯

ಈರಣ್ಣನವರ ಬೆನ್ನಿನ ಕುರುವಿನಲ್ಲಿ ಹುಟ್ಟಿ, ಸದ್ಯ ನಮ್ಮ ಹೈಸ್ಕೂಲಿನ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಸಂಸಾರ ಹೂಡಿರುವ ಮಾನ್ಯ ಕ್ರಿಮಿಯವರೇ,

ತಮಗೂ ತಮ್ಮ ಲಕ್ಷೋಪಲಕ್ಷ ಮಕ್ಕಳು ಮರಿಮಕ್ಕಳಿಗೂ ವಿಜ್ಞಾನದ ಟೀಚರಿನ ನಮಸ್ಕಾರಗಳು. ಆತಿಥ್ಯದಲ್ಲಿ ನಾನು ಲೋಪ ಮಾಡಿಲ್ಲವೆಂದು ನಂಬಿದ್ದೇನೆ. ನಮ್ಮ ಮನೆಯಲ್ಲಿ ಎಂದೂ ಬೇಯದ ಮಾಂಸದ ಸಾರನ್ನು ತಮಗಾಗಿ ಬೇಯಿಸಿದೆ; ತಮಗೆ ಚಳಿಯಾಗದಿರಲೆಂದು, ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯೊಂದನ್ನು ಬೀರೂರಿನಿಂದ ಬಸ್ಸಿನ ಮೇಲೆ ಹೇರಿಸಿ ತಂದೆ. ಪ್ರತಿಯಾಗಿ ನಾನು ಬೇಡಿದ್ದು ಇಷ್ಟೇ: ತಾವು ಸಾಯಬೇಕು, ಅದೂ ಸರಿಯಾದ ಜಾಗದಲ್ಲಿ.

ಲಕ್ಕವಳ್ಳಿ ಕಡೆಯ ತಿಮ್ಮಕ್ಕ ಇಪ್ಪತ್ತು ವರ್ಷದಿಂದ ಒಂದು ಕಾಡುಬಳ್ಳಿಯ ಎಲೆ ಅರೆದು ಜನರ ಕುರುಗಳಿಗೆ ಹಚ್ಚುತ್ತಾಳೆ. ಹೊಸದಾಗಿ ಬಂದ ಡಾಕ್ಟರು, ಆ ರಸ ಕ್ರಿಮಿಯನ್ನು ಕೊಲ್ಲುವುದನ್ನು ಕಣ್ಣಾರೆ ಕಂಡರೆ ಸರಿ, ಇಲ್ಲವಾದರೆ ಅವಳು ಇನ್ನು ಯಾರ ಮೈಯನ್ನೂ ಮುಟ್ಟಕೂಡದು ಎಂದರು. ಆದ್ದರಿಂದ ತಮ್ಮ ತಟ್ಟೆಯಲ್ಲಿ ನಾಲ್ಕು ಕಾಗದದ ಬಿಲ್ಲೆ ಇಟ್ಟೆ. ಮೂರಕ್ಕೆ ಎಲೆಯ ರಸ; ನಾಲ್ಕನೆಯದಕ್ಕೆ, ಹೋಲಿಸಿ ನೋಡಲೆಂದು, ಬರೀ ಕಾಯಿಸಿ ಆರಿಸಿದ ನೀರು. ತಾವು ಸತ್ತಷ್ಟು ಜಾಗ ಬಿಲ್ಲೆಯ ಸುತ್ತ ತೆರವಾಗಿ ಕಾಣಬೇಕು.

ಮರುದಿನ ಆಯುಧಪೂಜೆ. ನಮ್ಮ ಅಟೆಂಡರ್ ತಮ್ಮಯ್ಯ ತಕ್ಕಡಿಗೆ, ಸೂಕ್ಷ್ಮದರ್ಶಕಕ್ಕೆ, ಕೋಳಿಪೆಟ್ಟಿಗೆಗೆ ಹೂವಿಟ್ಟು, ತಮ್ಮ ತಟ್ಟೆಯ ಮುಚ್ಚಳವನ್ನೂ ತೆಗೆದ. "ಮೂರಕ್ಕೂ ಏನೋ ಹಚ್ಚಿದ್ರಿ ಅಮ್ಮಾವ್ರೇ, ಅದೊಂದು ಬೋಳು ಹಣೆ ಇದ್ದಂಗಿತ್ತು. ಒಸಿ ಅರಿಶಿನ ಇಟ್ಟೆ, ತಪ್ಪಾಯ್ತಾ?" ಎಂದು ಆಮೇಲೆ ಕೇಳಿದ. ತಪ್ಪು ಅವನದೆಂದು ಯಾವ ಬಾಯಿಂದ ಹೇಳಲಿ? ಮುಟ್ಟಬಾರದು ಎಂಬ ಚೀಟಿಯನ್ನು ನಾನು ಅಂಟಿಸಿದ್ದು ಇಂಗ್ಲಿಷಿನಲ್ಲಿ.

ಆದರೆ ತಾವು? ಎಲೆಯ ಸುತ್ತ ಕಡಲೆಕಾಳಿನಗಲ ಜಾಗ ಬಿಟ್ಟುಕೊಡಲು ಹಿಂದೆಮುಂದೆ ನೋಡಿದವರು, ಅರಿಶಿನದ ಸುತ್ತ ಅಡಕೆಯಗಲ, ಸಂಸಾರ ಸಮೇತ ಮುತ್ತೈದೆ ಸಾವು ಪಡೆದಿರಿ. ತಮ್ಮ ದೈವಭಕ್ತಿಗೆ ತಲೆಬಾಗಿದೆ. ಡಾಕ್ಟರು ತಟ್ಟೆ ನೋಡಿದರು, ಯಾವ ಬಿಲ್ಲೆಗೆ ಏನೆಂದು ನಾನು ಬರೆದಿಟ್ಟ ಪಟ್ಟಿ ನೋಡಿದರು. ಬಿಲ್ಲೆ ಹಳದಿಯಾಗಿದೆಯಲ್ಲ ಎಂದೆ. ಪಟ್ಟಿಯಲ್ಲಿ ನೀರು ಎಂದಿದೆಯಲ್ಲ ಎಂದರು. ಎಲೆಗಿಂತ ನೀರೇ ಮೇಲು ಎಂದು ಬರೆದು, ರುಜು ಹಾಕಿ, ಹೊರಟುಹೋದರು.

ಸೋಮವಾರಕ್ಕೆ ಮರುಪರೀಕ್ಷೆ ಬೇಡಿಕೊಂಡಿದ್ದೇನೆ. ಅಂದು ತಾವು ನೀರಿನ ಬಳಿ ಸುಖವಾಗಿ ಬಾಳಿ, ಎಲೆಯ ಬಳಿ ಡಾಕ್ಟರಿಗೆ ಕನ್ನಡಕವಿಲ್ಲದೆಯೂ ಕಾಣುವಷ್ಟು, ಸಾಧ್ಯವಾದರೆ ಅವರ ಕಾಫಿ ಮುಗಿಯುವುದರೊಳಗೆ, ದಯಮಾಡಿ ಸಾಯಬೇಕಾಗಿ ಕೋರುತ್ತೇನೆ. ಎಲೆಯ ಬಲ ನಿಜಕ್ಕೂ ಕಡಲೆಕಾಳಿನಷ್ಟೇ ಆದರೆ ಅದನ್ನೂ ಇದ್ದಂತೆ ಬರೆಯುತ್ತೇನೆ. ತಿಮ್ಮಕ್ಕನನ್ನು ಬರೀ ನೀರಿಗೆ ಸೋಲಿಸಿ ಮಾತ್ರ ಮನೆಗೆ ಕಳಿಸಲಾರೆ.

ಸೋಮವಾರದವರೆಗೆ ತಮ್ಮ ವಿಶ್ವಾಸಿ,
ಶಕುಂತಲಮ್ಮ

ತಾ.ಕ.: ಡಾಕ್ಟರ ಕತ್ತಿನ ಮೇಲೆ ಕುರು ಎದ್ದಿದೆ. ಅಲ್ಲಿ ಬಿಡಾರ ಹೂಡಿರುವವರು ತಮ್ಮ ನೆಂಟರೇ ಇರಬೇಕು. ನಿನ್ನೆ ಡಾಕ್ಟರು ತಿಮ್ಮಕ್ಕನನ್ನು ಹಿತ್ತಿಲ ಬಾಗಿಲಿಗೆ ಕರೆಸಿಕೊಂಡಿದ್ದರಂತೆ. ಅವಳು ಒಂದು ಚೆಂಬು ನೀರನ್ನು ಹೊಸ್ತಿಲ ಮೇಲಿಟ್ಟು, "ಇದೇ ಮೇಲು ಅಂತ ತಾವೇ ಬರ್ದಿದ್ದೀರಂತಲ್ಲ ಬುದ್ಧಿ" ಎಂದು ಹೇಳಿ ಬಂದಳಂತೆ.